ಹನ್ನೊಂದು ಮೂಲೆಯ ಎರಡು ರೂಪಾಯಿ

ನಮ್ಮ ಮನೆಗೆ ಬಂದವರ ಕಣ್ಣು ಈಗ ಮೊದಲು ಹೋಗುವುದು ನಡುಮನೆಯ ಕಿಟಕಿಯ ಬಳಿ ಇರುವ ಸ್ಟೀಲ್ ಬಟ್ಟಲಿನ ಮೇಲೆ. ಅದರ ತುಂಬ ನಾಣ್ಯಗಳು. ಎಂಟಾಣೆ, ಒಂದು ರೂಪಾಯಿ, ಎರಡು ರೂಪಾಯಿ, ಎಲ್ಲವೂ ಈಗಷ್ಟೇ ಬ್ಯಾಂಕಿನಿಂದ ತಂದ ಹಾಗೆ ಥಳಥಳ ಅನ್ನುತ್ತವೆ. ಇವು ವರ್ಷಗಟ್ಟಲೆ ಮಣ್ಣಿನಲ್ಲಿ ಹೂತಿದ್ದವು ಎಂದರೆ ಯಾರೂ ನಂಬುವುದಿಲ್ಲ. ಅವರು ಹುಬ್ಬೇರಿಸಿದಾಗ ನನ್ನ ಅಕ್ಕ, "ನನ್ನ ತಮ್ಮ ತೊಳೆದದ್ದು" ಎನ್ನುತ್ತಾಳೆ. ಅವಳ ದನಿಯಲ್ಲಿ ಕೊಂಕಿಲ್ಲ, ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಕಾಫಿ ತರುವ ನೆಪ ಮಾಡಿಕೊಂಡು ಒಳಗೆ ಹೋಗಿಬಿಡುತ್ತೇನೆ.

ನಾನು ಶಿವಮೊಗ್ಗದ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿದ್ಯಾನಗರದಲ್ಲಿ ಮನೆ. ನಾಣ್ಯಗಳ ಹುಚ್ಚು ಮೊದಲಿನಿಂದಲೂ ಇತ್ತು. ರಿಟೈರ್ ಆದ ಮೇಲೆ ಅದು ತಲೆಗೇರಿತು. ನೆಂಟರ ಮನೆಯಲ್ಲಿ ಯಾರಾದರೂ ಅಜ್ಜಿಯ ಕಾಲದ ತಾಮ್ರದ ಕಾಸನ್ನು ದೇವರ ತಂಬಿಗೆಯ ಜತೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರೆ ನಾನು ಊಟದ ಎಲೆಯ ಮುಂದಿನಿಂದಲೇ ಕೂಗುತ್ತಿದ್ದೆ. ಹಳೆಯ ನಾಣ್ಯಕ್ಕೆ ಬಂದಿರುವ ಕಪ್ಪು ಬಣ್ಣವೇ ಅದರ ಮರ್ಯಾದೆ, ಅದನ್ನು ತೆಗೆಯಬಾರದು, ತೊಳೆಯಲೇಬೇಕಿದ್ದರೆ ಸುಮ್ಮನೆ ನೀರಿನಲ್ಲಿ ನೆನೆಸಬೇಕು ಎಂದು ಪಾಠ ಶುರು. "ಇವರು ಬಂದ್ರೆ ನಮ್ಮನೆ ಚಿಲ್ಲರೆ ಡಬ್ಬಿ ಬಚ್ಚಿಡ್ಬೇಕು" ಎಂದು ನೆಂಟರು ನಗುತ್ತಿದ್ದರು. ನಾನು ಬೀಗುತ್ತಿದ್ದೆ. ಗೊತ್ತಿರುವವನು ನಾನೊಬ್ಬನೇ ಎನ್ನುವ ಜಂಭ.

ಹಾಗೆಂದು ಎಲ್ಲ ನಾಣ್ಯವೂ ಪೂಜೆಗೆ ಯೋಗ್ಯವಲ್ಲವಲ್ಲ. ಮಣ್ಣಿನಲ್ಲಿ, ಹೊಳೆಯ ಮರಳಿನಲ್ಲಿ ಸಿಗುವ ನಮ್ಮ ಕಾಲದ ಮಾಮೂಲಿ ನಾಣ್ಯಗಳಿಗಾಗಿ ನಾನೊಂದು ಯಂತ್ರ ಮಾಡಿಕೊಂಡಿದ್ದೆ. ಕೆಟ್ಟುಹೋದ ಗ್ರೈಂಡರಿನ ಮೋಟಾರು, ಎರಡು ಉರುಳೆ, ಅವುಗಳ ಮೇಲೆ ಅಡ್ಡಡ್ಡ ಮಲಗಿಸಿದ ದಪ್ಪ ಪ್ಲಾಸ್ಟಿಕ್ ಜಾಡಿ. ಜಾಡಿ ಜಾರದಿರಲೆಂದು ಅದರ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ಒಳಗೆ ನಾಣ್ಯ, ಸಣ್ಣ ಕಲ್ಲು, ನೀರು ಹಾಕಿ ಸ್ವಿಚ್ ಒತ್ತಿದರೆ ಜಾಡಿ ನಿಧಾನಕ್ಕೆ ಉರುಳುತ್ತ ಇರುತ್ತದೆ, ಕಲ್ಲುಗಳು ನಾಣ್ಯದ ಕೊಳೆಯನ್ನು ತಾವೇ ತಿಕ್ಕಿ ತೆಗೆಯುತ್ತವೆ.

ಈ ಉಪಾಯ ನನ್ನ ಸ್ವಂತದ್ದಲ್ಲ. ಅಕ್ಕನ ಗಂಡ, ನನ್ನ ಭಾವ, ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಚೆಕಿಂಗ್ ಕೆಲಸದಲ್ಲಿದ್ದರು. ನಾನು ಕಾಲೇಜು ಓದುವಾಗ ಒಮ್ಮೆ ಆಯುಧಪೂಜೆಗೆ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಮನುಷ್ಯ ನಿಲ್ಲುವಷ್ಟು ದೊಡ್ಡ ಕಬ್ಬಿಣದ ಡ್ರಮ್ಮಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಎರಕ ಹೊಯ್ದ ಸಾಮಾನುಗಳನ್ನು ಅದರಲ್ಲಿ ತುಂಬಿ ಉರುಳಿಸಿದರೆ ಮೈಗೆ ಅಂಟಿದ ಮರಳೆಲ್ಲ ಉದುರುತ್ತದಂತೆ. ಆಮೇಲೆ ಭಾವ ಸೀಮೆಸುಣ್ಣ ಹಿಡಿದು ಒಂದೊಂದನ್ನೇ ನೋಡಿ ಪಾಸಾದದ್ದಕ್ಕೆ ರೈಟು, ಆಗದ್ದಕ್ಕೆ ಇಂಟು ಹಾಕಬೇಕು. ಬೇಕಾದ್ದಕ್ಕೆ ಚೂಪು ಉಕ್ಕಿನ ಕಡ್ಡಿಯಲ್ಲಿ ಗೀರುವುದೂ ಇತ್ತು. "ಮಾರ್ಕ್ ಯಾವತ್ತೂ ಡ್ರಮ್ಮಿಂದ ಬಂದ್ಮೇಲೇ ಹಾಕ್ಬೇಕು ಕಣೋ. ಮೊದ್ಲೇ ಹಾಕಿದ್ರೆ ಒಂದೂ ಉಳಿಯಲ್ಲ" ಎಂದಿದ್ದರು. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ನೆನಪಿರಬೇಕಾದ ದಿನ ಮಾತ್ರ ನೆನಪಾಗಲಿಲ್ಲ.

ಭಾವ ತೀರಿಕೊಂಡ ಮೇಲೂ ಅಕ್ಕ ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲೇ ಇದ್ದಳು. ಅವರಿಗೆ ಮಕ್ಕಳಿಲ್ಲ. ಆದರೂ ಆ ಮನೆ ಸದ್ದಿಲ್ಲದೆ ಇದ್ದದ್ದು ನನಗೆ ಗೊತ್ತಿಲ್ಲ. ಮುಂದಿನ ವರಾಂಡದಲ್ಲಿ ಅಕ್ಕನ ಟೈಲರಿಂಗ್ ಕ್ಲಾಸು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹುಡುಗಿಯರನ್ನು ಬೈಯುತ್ತ ಬ್ಲೌಸ್ ಕತ್ತರಿಸುವುದನ್ನು ಕಲಿಸುತ್ತಿದ್ದಳು. ಕೊನೆಗೆ ಆ ಸಾಲಿನ ಮನೆಗಳನ್ನು ಎಲ್ಲರೂ ಖಾಲಿ ಮಾಡಬೇಕಾಗಿ ಬಂತು. ನಮ್ಮ ಮನೆಯ ಹಿಂದಿನ ಪೋರ್ಷನ್ ಸುಮ್ಮನೆ ಬಿದ್ದಿತ್ತು. ನಾನು ಕರೆಯುವ ಮೊದಲೇ ಅವಳು, "ಅಲ್ಲಿ ಮಷಿನ್ ಹಾಕೋಕೆ ಬೆಳಕಿದ್ಯಾ ಹೇಳು, ಆಮೇಲೆ ಮಾತಾಡಣ" ಎಂದಳು.

ಸಾಮಾನು ಸಾಗಿಸುವ ದಿನ ಅಂಗಳದ ತುಳಸಿಕಟ್ಟೆಯನ್ನು ಒಡೆದೆವು. ಗಿಡವನ್ನು ಬಿಟ್ಟುಬರಲು ಅಕ್ಕ ಒಪ್ಪಲಿಲ್ಲ. ಬೇರಿನ ಸುತ್ತ ಅಗೆಯುತ್ತಿದ್ದಾಗ ಸಲಿಕೆಗೆ ಟಣ್ ಎಂದು ಏನೋ ತಾಗಿತು. ಒಂದು ನಾಣ್ಯ. ಆಮೇಲೆ ಇನ್ನೊಂದು. ಹೀಗೆ ಬಗೆದಷ್ಟೂ ಬಂದವು. ಅರಿಸಿನ, ಕುಂಕುಮ, ಗೊಬ್ಬರ, ಮಣ್ಣು ಎಲ್ಲ ಸೇರಿ ಕರ್ರಗಿನ ಹೆಪ್ಪಾಗಿ ಅಂಟಿಕೊಂಡಿದ್ದರಿಂದ ಯಾವುದು ಎಷ್ಟರದ್ದು ಎಂದೇ ತಿಳಿಯುತ್ತಿರಲಿಲ್ಲ.

"ಇದೇನಕ್ಕ, ಬ್ಯಾಂಕ್ ಇಟ್ಟಿದ್ಯಾ?" ಎಂದೆ.

"ಪ್ರತಿ ವರ್ಷ ತುಳಸಿ ಹಬ್ಬಕ್ಕೆ ನಿಮ್ಮ ಭಾವ ಒಂದೊಂದು ಹಾಕೋರು" ಎಂದಳು. ಒಂದು ನಾಣ್ಯವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮುಂದಿನ ತಿಂಗಳು ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. "ಏನೂ ಕಾಣಲ್ಲ ಮಾರಾಯ. ನೀನು ಇವನ್ನ ತಗೊಂಡ್ಹೋಗಿ ಮಣ್ಣು ತೊಳ್ದಿಡು. ಕಣ್ಣು ಸರಿಯಾದ್ಮೇಲೆ ನಾನೇ ನೋಡ್ತೀನಿ."

ಮಣ್ಣು ತೊಳೆದಿಡು. ಅವಳು ಹೇಳಿದ್ದು ಅಷ್ಟೇ. ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ ಎಂದರೆ, ಅದರಲ್ಲಿ ನನ್ನ ಪರವಾದ ಒಂದು ಅಕ್ಷರವೂ ಇಲ್ಲ ಎಂಬುದು ಖಾತ್ರಿಯಾಗಿದೆ. ಹೊಳೆಯುವ ಹಾಗೆ ಮಾಡು ಎಂದು ಅವಳು ಹೇಳಲಿಲ್ಲ. ಹೊಳೆಸಿ ಕೊಟ್ಟರೆ ಖುಷಿಪಡುತ್ತಾಳೆ ಎಂದುಕೊಂಡದ್ದು ನಾನು. ಅದಕ್ಕಿಂತ ಹೆಚ್ಚಾಗಿ, ಆಪರೇಷನ್ ಆದ ಕಣ್ಣಿನಿಂದ ಅವಳು ಮೊದಲು ನನ್ನ ಕೈಚಳಕ ನೋಡಲಿ ಎಂಬ ಆಸೆ.

ಕೆಲಸವನ್ನು ಶಾಸ್ತ್ರಪ್ರಕಾರ ಮಾಡಿದೆ. ಮೊದಲು ಎಲ್ಲವನ್ನೂ ಬರೀ ನೀರಿನಲ್ಲಿ ನೆನೆಸಿ ವಿಂಗಡಿಸಿದೆ. ಅದರಲ್ಲಿ ಒಂದೇ ಒಂದು ತಾಮ್ರದ ಹಳೇ ಕಾಸಿತ್ತು, ಗಿಡ ನೆಟ್ಟ ದಿನ ನಮ್ಮ ಅಮ್ಮ ಬೇರಿಗೆ ಹಾಕಲು ಕೊಟ್ಟದ್ದು. ಅದನ್ನು ಯಂತ್ರಕ್ಕೆ ಹಾಕುವುದುಂಟೇ! ಹತ್ತಿಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಟ್ಟೆ. ತಾಮ್ರವನ್ನು ಬಿಳಿ ನಾಣ್ಯಗಳ ಜತೆ ಉರುಳಿಸಿದರೆ ಎಲ್ಲವಕ್ಕೂ ಕೆಂಪು ಹತ್ತುತ್ತದೆ ಎಂಬುದು ಬೇರೆ ವಿಷಯ. ಈಚಿನ ಸ್ಟೀಲ್ ನಾಣ್ಯಗಳನ್ನು ಬೇರೆ ಸರದಿಗೆ ಎತ್ತಿಟ್ಟೆ. ದುರ್ಗಿಗುಡಿಯ ಮೀನಿನ ಅಂಗಡಿಯಿಂದ ಅಕ್ವೇರಿಯಂಗೆ ಹಾಕುವ ಸಣ್ಣ ಕಲ್ಲು ತಂದೆ. ಜಾಡಿಯ ಅರ್ಧಕ್ಕಿಂತ ತುಸು ಮೇಲೆ ತುಂಬಿ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬಿಟ್ಟೆ. ನಿಂಬೆರಸ, ವಿನೆಗರ್, ಸೋಡಾ ಯಾವುದೂ ಬೇಡ, ಮುಚ್ಚಿದ ಜಾಡಿಯಲ್ಲಿ ಗಾಳಿ ತುಂಬಿ ಮುಚ್ಚಳ ಸಿಡಿಯಬಹುದು. ಮೋಟಾರು ನೀರಿನಿಂದ ದೂರ, ಎತ್ತರದಲ್ಲಿ. ಕೈಗೆ ಗ್ಲೌಸು. ಆಗಾಗ ಸ್ವಿಚ್ ತೆಗೆದು, ಮುಚ್ಚಳ ಬಿಚ್ಚಿ, ಕೊಳೆ ನೀರು ಬದಲಾಯಿಸುತ್ತಿದ್ದೆ. ಆ ನೀರನ್ನು ಗಿಡಕ್ಕೂ ಹಾಕಬಾರದೆಂದು ಬಚ್ಚಲಿಗೆ ಚೆಲ್ಲಿದೆ. ನೀರಿನಲ್ಲಿ ಅರಿಸಿನದ ಬಣ್ಣ ಇತ್ತು. ಹೋಗುವಾಗ ನೋಡಿದೆ, ಚೆಲ್ಲಿದೆ.

ಒಟ್ಟಿನಲ್ಲಿ ನನ್ನ ಬೆರಳಿಗೆ, ಮೋಟಾರಿಗೆ, ಗಿಡಕ್ಕೆ ಯಾವುದಕ್ಕೂ ತೊಂದರೆಯಾಗದಂತೆ ನೋಡಿಕೊಂಡೆ.

ಮೊದಲ ಸುತ್ತಿನಲ್ಲೇ ಹೆಪ್ಪು ಬಿಟ್ಟಿತು. ಒರೆಸಿ ಲೆನ್ಸಿನಲ್ಲಿ ನೋಡಿದರೆ ಕೆಲವುಗಳ ಮೇಲೆ ಸಣ್ಣ ಗೀರುಗಳು. ಸಲಿಕೆ ತಾಗಿರಬೇಕು ಅಂದುಕೊಂಡೆ. ಅವುಗಳ ನಡುವೆ ಹಳೆಯ ಎರಡು ರೂಪಾಯಿ ಒಂದೇ ಒಂದಿತ್ತು, ದುಂಡಗಿಲ್ಲದೆ ಹನ್ನೊಂದು ಮೂಲೆ ಇರುವಂಥದ್ದು. ನನಗೆ ಆ ನಾಣ್ಯದ ಮೇಲೆ ಮೊದಲಿನಿಂದ ಪ್ರೀತಿ. ಅದರ ಹಿಂಬದಿಯ ಭಾರತದ ನಕ್ಷೆಯ ಮೇಲೆ ಎರಡು ಗೀರು ಎದ್ದು ಕಾಣುತ್ತಿದ್ದವು. ಬೇರೆಯವಕ್ಕಿಂತ ಆಳವಾದವು, ಒತ್ತಿ ಎಳೆದಂಥವು. ಛೆ, ಇಷ್ಟು ಚೆಂದದ ನಾಣ್ಯಕ್ಕೆ ಹೀಗಾಯಿತಲ್ಲ ಎಂದು ಬೇಜಾರಾಯಿತು. ಅದಕ್ಕಾಗಿಯೇ ಒರಟು ಮರಳು ಸೇರಿಸಿ ಮತ್ತೊಂದು ಸುತ್ತು ಹಾಕಿದೆ. ಹೋಗಲಿಲ್ಲ. ಛಲ ಬಂತು. ಇನ್ನೊಂದು ಸುತ್ತು. ಆಮೇಲೆ ನುಣುಪು ಮರಳು. ಕೊನೆಗೆ ಬೆರಳಾಡಿಸಿದರೂ ತಿಳಿಯದಂತೆ ಆ ಗೀರುಗಳನ್ನು ಅಳಿಸಿದೆ. ನಕ್ಷೆಯ ಗೆರೆಯೂ ತುಸು ಸವೆಯಿತು, ಆದರೆ ಹೊಳಪು ಬಂತಲ್ಲ. ಎತ್ತಿಟ್ಟಿದ್ದ ಸ್ಟೀಲ್ ನಾಣ್ಯಗಳಿಗೂ ಇದೇ ಉಪಚಾರವಾಯಿತು. ಆ ದಿನ ನಾನು ಸಿಳ್ಳೆ ಹಾಕುತ್ತಿದ್ದೆನೆಂದು ಹೆಂಡತಿ ಈಗಲೂ ಹೇಳುತ್ತಾಳೆ.

ಅಕ್ಕನ ಆಪರೇಷನ್ ಚೆನ್ನಾಗಿಯೇ ಆಯಿತು. ಕಪ್ಪು ಕನ್ನಡಕ ತೆಗೆದು, ಹೊಸ ಕನ್ನಡಕ ಬಂದ ದಿನ ಅವಳು ಮೊದಲು ನೋಡಿದ್ದು ನನ್ನ ಮುಖ. "ಎಷ್ಟು ವಯಸ್ಸಾಯ್ತೋ ನಿಂಗೆ!" ಎಂದು ನಕ್ಕಳು. ಎರಡನೆಯದಾಗಿ ಕೇಳಿದ್ದು ನಾಣ್ಯಗಳನ್ನು.

ಸ್ಟೀಲ್ ಬಟ್ಟಲಿನಲ್ಲಿ ತುಂಬಿ, ಮೇಲೊಂದು ಕರ್ಚೀಫು ಮುಚ್ಚಿ ತಂದು ಅವಳ ಮುಂದಿಟ್ಟೆ. ಕರ್ಚೀಫು ತೆಗೆದೆ. ಬಿಸಿಲು ಬಿದ್ದು ಬಟ್ಟಲು ಝಗ್ ಎಂದಿತು. ಅವಳು ಒಂದನ್ನು ಎತ್ತಿ ಹಿಂದೆ ತಿರುಗಿಸಿದಳು. ಕೆಳಗಿಟ್ಟಳು. ಇನ್ನೊಂದು ಎತ್ತಿದಳು. ಆಮೇಲೆ ಟವೆಲ್ ಮೇಲೆ ಎಲ್ಲವನ್ನೂ ಸುರಿದುಕೊಂಡು ಕೈಯಲ್ಲಿ ಹರಡಿ ಆ ಎರಡು ರೂಪಾಯಿಯನ್ನು ಹುಡುಕಿ ತೆಗೆದಳು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿದಳು.

"ಇದ್ರ ಮೇಲಿದ್ದದ್ದು ಎಲ್ಲಿ?" ಎಂದಳು.

"ಏನಿತ್ತು?"

"ಅವ್ರು ಹಾಕಿದ ಮಾರ್ಕು."

ಅಕ್ಕ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. ಮದುವೆಯಾದ ಮೊದಲ ವರ್ಷ ತುಳಸಿ ಹಬ್ಬದ ದಿನ ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತಂತೆ. ಭಾವ ಜೇಬಿನಿಂದ ಫ್ಯಾಕ್ಟರಿಯ ಗೀರುವ ಕಡ್ಡಿ ತೆಗೆದು, ಒಂದು ಎಂಟಾಣೆಯ ಬೆನ್ನಿಗೆ ಅವಳೆದುರೇ ಇಂಟು ಹಾಕಿ, "ಈ ವರ್ಷ ರಿಜೆಕ್ಟು" ಎಂದು ತುಳಸಿಯ ಬುಡಕ್ಕೆ ಒತ್ತಿದ್ದರು. ಮುಂದಿನ ವರ್ಷದಿಂದ ತೋರಿಸಲಿಲ್ಲ. ಆ ಕಡೆ ತಿರುಗಿ ಗೀರಿ, ಮಾರ್ಕು ಕೆಳಗೆ ಮಾಡಿ ಮಣ್ಣಿಗೆ ಒತ್ತಿ, "ರಿಸಲ್ಟ್ ಬೇಕಾದ್ರೆ ಕಟ್ಟೆ ಒಡ್ದಾಗ ನೋಡ್ಕೋ" ಎನ್ನುತ್ತಿದ್ದರು. ಅದೊಂದು ಆಟವಾಗಿ ವರ್ಷವರ್ಷವೂ ನಡೆಯಿತು. ಇದನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ. ಗಂಡ ಹೆಂಡತಿಯ ನಡುವಿನದ್ದನ್ನು ತಮ್ಮನ ಹತ್ತಿರ ಯಾಕೆ ಹೇಳುತ್ತಾಳೆ?

"ಉಳಿದದ್ದೆಲ್ಲ ನಂಗೆ ಹೆಚ್ಚುಕಮ್ಮಿ ಗೊತ್ತು" ಎಂದಳು. "ಇದೊಂದು ಗೊತ್ತಿರ್ಲಿಲ್ಲ. ನಾನು ಟೈಲರಿಂಗ್ ಕ್ಲಾಸ್ ಶುರು ಮಾಡಿದ ವರ್ಷದ್ದು ಇದು. ಅವ್ರಿಗೆ ಇಷ್ಟ ಇರ್ಲಿಲ್ಲ. ಯುಗಾದಿಯಿಂದ ಶುರುವಾಗಿ ದೀಪಾವಳಿ ಕಳೆದ್ರೂ ನಮ್ಮಿಬ್ರಿಗೂ ಮಾತಿರ್ಲಿಲ್ಲ, ನಿಮ್ಗ್ಯಾರಿಗೂ ಗೊತ್ತೇ ಆಗ್ಲಿಲ್ಲ. ತುಳಸಿ ಹಬ್ಬದ ದಿನ ಮಾತ್ರ ಬಂದು ಕೂತ್ರು. ಹೊಸ ಎರಡು ರೂಪಾಯಿ ತೆಗೆದು, ಆ ಕಡೆ ತಿರುಗಿ ಗಟ್ಟಿಯಾಗಿ ಗೀರಿದ್ರು. ಆ ವರ್ಷಾನೂ ಹಾಕಿದ್ರಲ್ಲ, ಏನು ಹಾಕಿದ್ರು ಅಂತ ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಆಮೇಲೂ ಕೇಳ್ಲಿಲ್ಲ. ಕಟ್ಟೆ ಒಡ್ದಾಗ ನೋಡಿದ್ರಾಯ್ತು ಅಂದ್ಕೊಂಡೆ."

ಉರುಳೆಗಳ ಮೇಲಿದ್ದ ಆ ಜಾಡಿ, ಫೌಂಡ್ರಿಯ ಆ ಹಾರ ಹಾಕಿದ ಡ್ರಮ್ಮು, ಭಾವನ ಮಾತು, ಎಲ್ಲ ಒಟ್ಟಿಗೆ ತಲೆಗೆ ಬಂದವು. ಒಂದೂ ಉಳಿಯಲ್ಲ ಎಂದು ಅವರೇ ಹೇಳಿದ್ದರಲ್ಲ. ಅವರು ಹಾಕಿದ ಮಾರ್ಕನ್ನು ಅವರಿಂದಲೇ ಕಲಿತ ವಿದ್ಯೆಯಿಂದ ಅಳಿಸಿದ್ದೆ. ಹತ್ತಿಯಲ್ಲಿ ಸುತ್ತಿ ಕಾಪಾಡಿದ ತಾಮ್ರದ ಕಾಸಿನ ಮೇಲೆ ಏನೂ ಇರಲಿಲ್ಲ, ಅದು ಮಾರ್ಕು ಶುರುವಾಗುವ ಮೊದಲಿನದು.

"ತೊಳೆಯುವಾಗ ನೀನು ನೋಡಿರ್ತೀಯಲ್ಲ" ಎಂದು ಅಕ್ಕ ತಿರುಗಿದಳು. "ಏನಿತ್ತು ಇದ್ರಲ್ಲಿ?"

ಎರಡು ಗೀರು ಇದ್ದವು. ಅದಷ್ಟು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಗಟ್ಟಿ ಲೋಹದ ಮೇಲೆ ರೈಟು ಹಾಕಲೂ ಎರಡು ಸಲ ಎಳೆಯಬೇಕು, ಇಂಟುವಿಗೂ ಎರಡು ಸಲ. ಆ ಎರಡು ಗೀರು ತುದಿಯಲ್ಲಿ ಕೂಡಿದ್ದವೋ, ನಡುವೆ ಒಂದನ್ನೊಂದು ದಾಟಿದ್ದವೋ? ಲೆನ್ಸು ಹಿಡಿದು ಅಷ್ಟು ಹೊತ್ತು ನೋಡಿದವನಿಗೆ ಅದು ನೆನಪಿಲ್ಲ. ಅವು ಎಷ್ಟು ಆಳ, ಅಳಿಸಲು ಎಷ್ಟು ಮರಳು ಬೇಕು ಎಂದು ಲೆಕ್ಕ ಹಾಕುತ್ತಿದ್ದೆನೇ ಹೊರತು, ಅದು ಯಾರೋ ಕೈಯಾರೆ ಹಾಕಿದ್ದು ಎಂದು ನನಗೆ ಹೊಳೆಯಲೇ ಇಲ್ಲ.

ಅವಳ ಹೊಸ ಕಣ್ಣು ನನ್ನ ಮುಖವನ್ನೇ ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ರೈಟ್ ಇತ್ತಕ್ಕ" ಎಂದೆ. "ಈಗ ನೆನಪಾಯ್ತು. ರೈಟೇ."

"ಬೇರೇದ್ರಲ್ಲಿ?"

"ಎಲ್ಲದ್ರಲ್ಲೂ ರೈಟೇ ಇತ್ತು. ಒಂದೂ ಇಂಟು ಇರ್ಲಿಲ್ಲ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಉಪ್ಪಿನ ಸಾರಿನ ಎಂಟಾಣೆ ಆ ರಾಶಿಯಲ್ಲೇ ಇತ್ತು. ಇಂಟು ಹಾಕಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು, ಅದನ್ನು ಈಗ ತಾನೇ ನನಗೆ ಹೇಳಿದ್ದಳು.

ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. "ನೀನು ನೋಡಿಲ್ಲ ಬಿಡು" ಎಂದಳು. ನಾಣ್ಯಗಳನ್ನು ಮತ್ತೆ ಬಟ್ಟಲಿಗೆ ತುಂಬಿದಳು. "ಚೆನ್ನಾಗಿ ತೊಳ್ದಿದ್ದೀಯ" ಎಂದೂ ಹೇಳಿದಳು.

ನೋಡಿದ್ದೆ ಎಂದು ಆಗಲೇ ಹೇಳಬೇಕಿತ್ತು. ನೋಡಿದ್ದೆ, ಬೇಕೆಂದೇ ಅಳಿಸಿದೆ, ಹೋಗದಿದ್ದರೂ ಬಿಡದೆ ಅಳಿಸಿದೆ ಎಂದು ಹೇಳಬೇಕಿತ್ತು. ನೋಡಿಲ್ಲ ಎಂಬ ಮಾತನ್ನು ಅವಳೇ ನನ್ನ ಕೈಗೆ ಕೊಟ್ಟಳು, ನಾನು ತೆಗೆದುಕೊಂಡೆ. ಅದು ಸುಳ್ಳಿಗಿಂತ ಸುಲಭವಾಗಿತ್ತು. ಆ ಮಧ್ಯಾಹ್ನ ಯಂತ್ರದ ವೈರು ಕಿತ್ತು ಅಟ್ಟಕ್ಕೆ ಹಾಕಿದೆ. ಅದರಿಂದ ಯಾರಿಗೆ ಏನು ಬಂತು?

ದಿನ ಹೋದ ಹಾಗೆ ಅಕ್ಕ ಮಾಮೂಲಿನಂತಾದಳು. ಹಿಂದಿನ ಪೋರ್ಷನ್ನಿನಲ್ಲಿ ಮಷಿನ್ನು ಶುರುವಾಯಿತು, ವಿದ್ಯಾನಗರದ ಹುಡುಗಿಯರಿಗೂ ಬೈಗುಳ ಶುರುವಾಯಿತು. ನ್ಯೂ ಟೌನಿನ ತುಳಸಿ ಸಿಮೆಂಟ್ ಕುಂಡದಲ್ಲಿ ಚಿಗುರಿತು. ನಾನು ಮಾತ್ರ ಅವಳಿಗೆ ಬೇಡವಾದದ್ದನ್ನೆಲ್ಲ ತಂದುಕೊಡತೊಡಗಿದೆ. ಹೊಸ ಕತ್ತರಿ, ಟೇಬಲ್ ಲೈಟು, ಮಂಗಳೂರು ಕಡೆಯ ಹಲಸಿನ ಹಪ್ಪಳ. "ಏನಾಗಿದೆಯೋ ನಿಂಗೆ, ಲಾಟ್ರಿ ಹೊಡೀತಾ?" ಎಂದು ಕೇಳುತ್ತಿದ್ದಳು. ಹೇಳಲು ಬಾಯಿ ತೆರೆದದ್ದೂ ಇದೆ. ಬಟ್ಟಲು ಕಂಡರೆ ಬಾಯಿ ಮುಚ್ಚಿಹೋಗುತ್ತಿತ್ತು.

ಈ ಸಲದ ತುಳಸಿ ಹಬ್ಬಕ್ಕೆ ನೆಲ್ಲಿಕಾಯಿಯ ಕೊಂಬೆ ತಂದು ಕುಂಡಕ್ಕೆ ಸಿಕ್ಕಿಸಿದೆ. ಅಕ್ಕ ದೀಪ ಹಚ್ಚಿ, ಅವಲಕ್ಕಿ ನೈವೇದ್ಯ ಇಟ್ಟಳು. ಆರತಿ ಆದ ಮೇಲೆ, "ನಿಮ್ಮ ಭಾವನ ಆ ಗೀರೋ ಕಡ್ಡಿ ನಿನ್ ಹತ್ರ ಇದ್ಯಲ್ಲ, ತಗೊಂಡ್ಬಾ" ಎಂದಳು. ಮನೆ ಖಾಲಿ ಮಾಡುವಾಗ ಅದನ್ನು ನನಗೇ ಕೊಟ್ಟಿದ್ದಳು. ತಂದುಕೊಟ್ಟೆ. ಸೆರಗಿನ ಗಂಟಿನಿಂದ ಒಂದು ರೂಪಾಯಿ ತೆಗೆದು ನನಗೆ ಬೆನ್ನು ಮಾಡಿ ಕುಳಿತಳು.

"ಯಾರಿಗಕ್ಕ ಈ ಸಲದ ರಿಸಲ್ಟು?" ಎಂದೆ. ತಮಾಷೆಯಾಗಿ ಕೇಳಬೇಕೆಂದಿದ್ದೆ, ಹಾಗೆ ಬರಲಿಲ್ಲ.

"ನಿಂಗೆ."

ಕಡ್ಡಿ ನಾಣ್ಯದ ಮೇಲೆ ಎಳೆದ ಸದ್ದು ಕೇಳಿಸಿತು. ಒಂದು. ಸ್ವಲ್ಪ ತಡೆದು, ಇನ್ನೊಂದು. ಅಷ್ಟೇ. ಮಾರ್ಕು ಕೆಳಗೆ ಮಾಡಿ ಅದನ್ನು ತುಳಸಿಯ ಬುಡಕ್ಕೆ ಹೆಬ್ಬೆರಳಿನಿಂದ ಒತ್ತಿದಳು, ಮೇಲೆ ಮಣ್ಣೆಳೆದು ತಟ್ಟಿದಳು.

"ಅಕ್ಕ, ನಾನು ಆ ಎರಡು ರೂಪಾಯಿಯನ್ನ..." ಎಂದು ಶುರು ಮಾಡಿದೆ.

"ಗೊತ್ತು" ಎಂದಳು. "ಲೆನ್ಸ್ ಹಿಡ್ಕೊಂಡೇ ನಾಣ್ಯ ನೋಡೋನು ನೀನು. ನಿಂಗೆ ಕಾಣ್ದೇ ಇರುತ್ತಾ?" ಮೊಣಕಾಲ ಮೇಲೆ ಕೈಯೂರಿ ಎದ್ದಳು. "ಕುಂಡ ಒಡ್ದಾಗ ನೋಡ್ಕೋ."

ಆ ಕುಂಡಕ್ಕೆ ಬೆಳಿಗ್ಗೆ ನೀರು ಹಾಕುವುದು ಈಗ ನನ್ನ ಕೆಲಸ. ಮಣ್ಣು ಸರಿದು ನಾಣ್ಯದ ಅಂಚು ಕಂಡರೆ, ಕಣ್ಣು ಬೇರೆ ಕಡೆ ಮಾಡಿಕೊಂಡು ಮೇಲೆ ಒಂದು ಹಿಡಿ ಮಣ್ಣು ಹಾಕುತ್ತೇನೆ.